ಟೈಲರ್ ಮನೆಯ ನೀರು

ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ನೀರಿನ ಫಿಲ್ಟರ್ ಮಷೀನಿನಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಸಾಸಿವೆ ಕಾಳಿಗಿಂತ ಕೊಂಚ ದೊಡ್ಡದು, ಅಷ್ಟೇ. ಟೈಲರ್ ಹಲ್ಲುಜ್ಜುತ್ತಾ ಅದನ್ನು ನೋಡಿದ. ಮಷೀನಿಗೂ ಕಣ್ಣು ಬಂದಿದೆ, ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ ಎಂದುಕೊಂಡು ಸುಮ್ಮನಾದ.

ಸುಮ್ಮನಾಗದವಳು ಅವನ ಹೆಂಡತಿ.

"ರೀ, ಕೆಂಪು ದೀಪ! ಒಳಗಿನ ಫಿಲ್ಟರ್ ಮುಗೀತು ಅಂತ ಅರ್ಥ. ಇವತ್ತೇ ಮುಗೀಬೇಕಿತ್ತಾ?"

"ನಾಳೆ ತಂದ್ರಾಯ್ತು ಬಿಡು."

"ನಾಳೆ? ಸಾಯಂಕಾಲ ಆರು ಗಂಟೆ ಬಸ್ಸಿಗೆ ಯಾರು ಬರ್ತಿದ್ದಾರೆ, ನೆನಪಿದೆಯಾ?"

ಟೈಲರ್ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ.

ಬರುತ್ತಿದ್ದವಳು ಅವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಇನ್ನೂರು ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ಆಳಿ ಈಚೆಗಷ್ಟೇ ನಿವೃತ್ತಳಾದವಳು. ನೀರಿನ ವಿಷಯದಲ್ಲಿ ನೆಂಟರಿಷ್ಟರಿಗೆಲ್ಲ ಅವಳ ನಾಲಿಗೆಯೇ ಕೊನೆಯ ಕೋರ್ಟು. ಒಂದು ಗುಟುಕು ಕುಡಿದರೆ ಸಾಕು, ಅದು ಬಾವಿಯದೋ ಟ್ಯಾಂಕಿನದೋ, ಪಾತ್ರೆ ತೊಳೆದು ಎಷ್ಟು ಹೊತ್ತಾಯಿತು, ತೊಳೆಯುವಾಗ ತೊಳೆದವರ ಮನಸ್ಸು ಸರಿಯಿತ್ತೋ ಇಲ್ಲವೋ, ಎಲ್ಲ ಹೇಳಿಬಿಡುವಳು. ಎರಡು ವರ್ಷದ ಹಿಂದೆ ನಾಲ್ಕು ದಿನಕ್ಕೆಂದು ಬಂದವಳು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, "ಏನೋ ಪುಟ್ಟಾ, ಇದರಲ್ಲಿ ಕಾಲುಚೀಲ ನೆನೆಹಾಕಿದ್ರಾ?" ಎಂದಳು. ಅವತ್ತೇ ಸಂಜೆ ಹೊರಟುಹೋದಳು. ವಾರದೊಳಗೆ ನೆಂಟರ ಬಾಯಲ್ಲಿ ಅದು 'ಕಾಲುಚೀಲದ ಮನೆ' ಆಯಿತು. ಟೈಲರ್ ಹೆಂಡತಿ ಆರು ತಿಂಗಳು ಯಾವ ಮದುವೆಗೂ ಹೋಗಲಿಲ್ಲ. ಆಮೇಲೆ ಬಂದದ್ದೇ ಈ ಮಷೀನು.

"ನಾನು ಆಫೀಸಿಂದ ಬರೋದು ಐದೂಮುಕ್ಕಾಲಿಗೆ," ಎಂದಳು ಹೆಂಡತಿ ಚಪ್ಪಲಿ ಮೆಟ್ಟುತ್ತಾ. "ಅಷ್ಟರಲ್ಲಿ ಆ ದೀಪ ಆರಿರಬೇಕು. ಈ ಸಲವೂ ಅತ್ತಿಗೆ ಮುಖ ಸಿಂಡರಿಸಿದ್ರೆ, ಅವರು ಹೊರಡೋ ಬಸ್ಸಿಗೇ ನಾನೂ ಹೊರಡ್ತೀನಿ. ಬೇರೆ ಊರಿಗೆ."

ಟೈಲರ್‌ಗೆ ಲೋಕದಲ್ಲಿ ಏನನ್ನಾದರೂ ತಿಳಿಯಲು ಗೊತ್ತಿದ್ದದ್ದು ಒಂದೇ ದಾರಿ. ಕೊರಳಲ್ಲಿದ್ದ ಟೇಪು ತೆಗೆದು ಮಷೀನನ್ನು ಅಳೆದ. ಎತ್ತರ ಹದಿನೆಂಟು, ಭುಜ ಹನ್ನೊಂದು, ಸೊಂಟ ಮೂವತ್ತಾರು. ಚೀಟಿಯಲ್ಲಿ ಬರೆದುಕೊಂಡು, ಮುಂದಿನ ಕೋಣೆಯಲ್ಲಿದ್ದ ತನ್ನ ಅಂಗಡಿಗೆ 'ಈಗ ಬಂದೆ' ಎಂಬ ಬೋರ್ಡು ನೇತುಹಾಕಿ ಮೆಟ್ಟಿಲಿಳಿದ.

ಮೆಟ್ಟಿಲ ಬುಡದಲ್ಲಿ ಪಂಪ್ ಅಂಕಲ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ನಿವೃತ್ತ ಪಂಪ್ ಆಪರೇಟರು. ಅವರನ್ನು ದಾಟದೆ ಆ ಕಟ್ಟಡದಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ.

"ಫಿಲ್ಟರಾ? ಕಾರ್ಬನ್ ಇರೋದೇ ತಗೊಳ್ಳಿ ಟೈಲರೇ. ಕಾರ್ಬನ್ ಇಲ್ಲದ ಫಿಲ್ಟರು ಅಂದ್ರೆ ಗುಂಡಿ ಇಲ್ಲದ ಅಂಗಿ."

ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ಮೇಲಿನ ಮನೆಯ ನರ್ಸಮ್ಮ ಅಲ್ಲೇ ನಿಂತಳು. "ಕಾರ್ಬನ್‌ಗೆ ಕ್ರಿಮಿ ಸಾಯುತ್ತಾ ಅಂಕಲ್? ಮೆಂಬ್ರೇನ್ ಬೇಕು. ಟೈಲರಣ್ಣ, ನೀವು ಮೆಂಬ್ರೇನ್ ತಗೊಳ್ಳಿ."

"ನಲವತ್ತು ವರ್ಷ ನೀರಿನ ಜೊತೆ ಸಂಸಾರ ಮಾಡಿದ್ದೀನಮ್ಮ ನಾನು!"

"ಆ ನೀರು ಕುಡಿದವರಿಗೆ ಇಂಜೆಕ್ಷನ್ ಕೊಟ್ಟಿದ್ದು ನಾನು!"

ಟೈಲರ್ ಇಬ್ಬರದ್ದನ್ನೂ ಚೀಟಿಯಲ್ಲಿ ಬರೆದುಕೊಂಡು ಜಾರಿಕೊಂಡ.

ಫಿಲ್ಟರ್ ಮಾರುವ ಅಂಗಡಿಯ ಗೋಡೆಯ ತುಂಬ ಫಿಲ್ಟರುಗಳೇ. ಉದ್ದದ್ದು, ಗಿಡ್ಡದ್ದು, ಬೆಕ್ಕಿನ ಬಾಲದಂಥದ್ದು, ಮಗುವಿನ ಹಾಲಿನ ಬಾಟಲಿಯಂಥದ್ದು. ಅಂಗಡಿಯವ ಹಲ್ಲುಕಡ್ಡಿ ಆಡಿಸುತ್ತಾ ಕೇಳಿದ:

"ಯಾವ ಮಾಡೆಲ್ಲು?"

"ಬಿಳೀದು."

"ಬಿಳೀದೇ ನಲವತ್ತು ಥರ ಇವೆ ಸಾರ್."

ಟೈಲರ್ ಚೀಟಿ ಚಾಚಿದ. ಅಂಗಡಿಯವ ಓದಿದ. ಇನ್ನೊಮ್ಮೆ ಓದಿದ. "ಭುಜ ಹನ್ನೊಂದು, ಸೊಂಟ ಮೂವತ್ತಾರು... ಯಾರ ಅಳತೆ ಸಾರ್ ಇದು?"

"ಮಷೀನಿಂದು."

"ಪಾಪ," ಎಂದ ಅಂಗಡಿಯವ. "ಹೋಗಲಿ, ನಿಮ್ಮ ನೀರಿನ ಟಿಡಿಎಸ್ ಎಷ್ಟಿದೆ?"

ಟೈಲರ್ ಯೋಚಿಸಿದ. "ನಾವಿಬ್ಬರೇ ಇರೋದು."

ಇಂಥ ಗಿರಾಕಿ ವರ್ಷಕ್ಕೊಬ್ಬ ಬರುತ್ತಾನೆ ಎಂದು ಅಂಗಡಿಯವನಿಗೆ ಗೊತ್ತಾಯಿತು. ಹಲ್ಲುಕಡ್ಡಿ ಎಸೆದು ಎದ್ದು ನಿಂತ. ಮಣ್ಣು ಹಿಡಿಯುವುದಕ್ಕೊಂದು, ವಾಸನೆ ಹೀರುವುದಕ್ಕೊಂದು, ಕ್ರಿಮಿ ತಡೆಯುವುದಕ್ಕೊಂದು ಕೆಳಗಿಳಿದವು. "ಫ್ರಿಜ್ಜಿದೆಯಾ? ಅದಕ್ಕೊಂದು. ಬಟ್ಟೆ ಒಗೆಯೋ ಮಷೀನಿದೆಯಾ? ಅದರ ಪೈಪಿಗೊಂದು. ಕಾಫಿ ಮಷೀನು?"

"ಇಲ್ಲ."

"ಮುಂದೆ ತಗೊಂಡ್ರೆ?"

ಟೈಲರ್‌ಗೆ ಆ ವರಸೆ ಹೊಸದಲ್ಲ. ಲೈನಿಂಗ್ ಬೇಡ ಎಂದವರಿಗೂ ಲೈನಿಂಗ್ ಹಾಕಿ ಕಳಿಸಿದವನು ಅವನು. ಈಗ ಅದೇ ರಾಗ ಇನ್ನೊಬ್ಬನ ಬಾಯಲ್ಲಿ ಕೇಳಿ ಮೆತ್ತಗಾಗಿಬಿಟ್ಟ. ವಾಷರು, ಕನೆಕ್ಟರು, ಮೊಣಕೈಯಂತೆ ಬಾಗಿದ ತುಂಡುಗಳು, ಬಿಳಿ ಟೇಪು, ಎರಡು ಥರದ ಸ್ಪ್ಯಾನರು ಸೇರಿ ಚೀಲ ತುಂಬಿತು. ಮನೆಗೆ ಬರುವಷ್ಟರಲ್ಲಿ ಅವನ ಒಂದು ಭುಜ ಇನ್ನೊಂದಕ್ಕಿಂತ ಎರಡಿಂಚು ಕೆಳಗಿಳಿದಿತ್ತು.

ಮಧ್ಯಾಹ್ನ ಎರಡಕ್ಕೆ ಅಡುಗೆಮನೆಯಲ್ಲಿ ಹಳೇ ಪೇಪರು ಹಾಸಿ, ಮಷೀನಿನ ಮುಚ್ಚಳ ಬಿಚ್ಚಿದ. ಒಳಗೆ ಮೂರು ಕೊಳವೆ, ಅವನ್ನು ಸುತ್ತಿಕೊಂಡ ಎಳೆಎಳೆ ಪೈಪು. ಚೀಲದಿಂದ ತೆಗೆದ ಮೊದಲನೆಯದು ಉದ್ದವಾಯಿತು. ಎರಡನೆಯದು ದಪ್ಪವಾಯಿತು. ಮೂರನೆಯದಕ್ಕೆ ಬಾಯಿ ಇರಬೇಕಾದಲ್ಲಿ ತಳವಿತ್ತು. ಒಬ್ಬರ ಕೋಟಿಗೆ ಇನ್ನೊಬ್ಬರ ತೋಳು ಕೂರಿಸಲು ಹೊರಟ ಹಾಗಾಯಿತು.

ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲು ಕಂಡರೆ ಪಂಪ್ ಅಂಕಲ್‌ಗೆ ಕರೆಯೋಲೆ ಬೇಕಾಗುತ್ತಿರಲಿಲ್ಲ. ಒಳಗೆ ಬಂದವರೇ ಹಣೆ ಚಚ್ಚಿಕೊಂಡರು.

"ವಾಲ್ವ್ ಮುಚ್ಚದೇ ಬಿಚ್ತಿದ್ದೀರಾ? ನೀರಿನ ಗುಣ ನಿಮಗೆ ಗೊತ್ತಿಲ್ಲ. ತಡೀರಿ." ಮೆಟ್ಟಿಲ ತಿರುವಿನಲ್ಲಿ ಮನೆಗೊಂದರಂತೆ ವಾಲ್ವುಗಳ ಸಾಲಿತ್ತು. ಅವರು ಹೋಗಿ ಒಂದನ್ನು ಬಿಗಿಯಾಗಿ ತಿರುಗಿಸಿ ಕೈ ಕೊಡವುತ್ತಾ ಬಂದರು. "ಮುಚ್ಚಿದ್ದೀನಿ. ಈಗ ಕಣ್ಣು ಮುಚ್ಕೊಂಡು ಬಿಚ್ಚಿ."

ಟೈಲರ್ ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಬಿಚ್ಚಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪೈಪು ಕೆರಳಿದ ಹಾವಿನಂತೆ ಎದ್ದು ನಿಂತು, ಮೊದಲು ಸೂರಿಗೆ, ಅಲ್ಲಿಂದ ಅಂಕಲ್ಲರ ಕನ್ನಡಕಕ್ಕೆ, ಅಲ್ಲಿಂದ ಡಬ್ಬಗಳ ಸಾಲಿಗೆ ನೀರು ಹಾರಿಸತೊಡಗಿತು. ಟೈಲರ್ ಹೆಬ್ಬೆರಳು ತುರುಕಿದ. ನೀರು ಹೆಬ್ಬೆರಳಿನ ಎರಡೂ ಪಕ್ಕದಿಂದ ಬಂತು.

"ಮುಚ್ಚಿದ್ದೀನಿ ಅಂದ್ರಲ್ರೀ!"

"ಮುಚ್ಚಿದ್ದೀನಿ ಕಣ್ರೀ! ಇದು ಪೈಪಲ್ಲಿ ಉಳಿದ ನೀರು. ಈಗ ನಿಲ್ಲುತ್ತೆ!"

ಪೈಪಲ್ಲಿ ಒಂದು ಕೆರೆಯೇ ಉಳಿದಿದ್ದಂತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲಲ್ಲಿ ಒಂದು ಬಿಳಿ ಗೋಪುರ ಪ್ರತ್ಯಕ್ಷವಾಯಿತು. ಅದು ನರ್ಸಮ್ಮ, ಮೈಗೆ ಅವಸರದಲ್ಲಿ ತೊಟ್ಟ ನೈಟಿ, ತಲೆಯ ಮೇಲೆ ಒಂದು ಮೊಳ ಶಾಂಪೂ ನೊರೆ.

"ಯಾರ್ರೀ ಅದು ನನ್ನ ನೀರು ನಿಲ್ಲಿಸಿದ್ದು? ಕಣ್ಣುರೀತಿದೆ!"

ಅಂಕಲ್ ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ನಾನು ಮುಚ್ಚಿದ್ದು..."

"ನಂದು!"

"ಜಗಳ ಆಮೇಲಾಡಿ," ಟೈಲರ್ ಹೆಬ್ಬೆರಳು ಒತ್ತಿಕೊಂಡೇ ಕೂಗಿದ, "ಮೊದಲು ನಂದನ್ನ ಮುಚ್ಚಿ!"

ನರ್ಸಮ್ಮ ಅಂಕಲ್ಲರ ರಟ್ಟೆ ಹಿಡಿದು ಎಳೆದೊಯ್ದಳು. ಅವರು ಒಂದೊಂದೇ ವಾಲ್ವ್ ಮುಚ್ಚಿ ತೆರೆದು ಸರಿಯಾದದ್ದನ್ನು ಹುಡುಕುವಷ್ಟರಲ್ಲಿ ಕಟ್ಟಡದ ಎಲ್ಲ ಮನೆಗಳಿಂದಲೂ ಬೈಗುಳ ಕೇಳಿಬಂತು. ಕೊನೆಗೆ ನೀರು ನಿಂತಿತು. "ಇನ್ನು ನೀವು ಆ ಮನೆ ಹೊಸ್ತಿಲು ತುಳಿದ್ರೆ ನೋಡಿ" ಎಂದು ನರ್ಸಮ್ಮ ಅಂಕಲ್ಲರನ್ನು ಕುರ್ಚಿಯಲ್ಲಿ ಕೂರಿಸಿ ಹೋದಳು.

ನೆಲ ಒರೆಸಲು ಟೈಲರ್ ಮನೆಯ ಬಟ್ಟೆಗಳನ್ನೆಲ್ಲ ಮುಗಿಸಿ, ಒಬ್ಬ ಗಿರಾಕಿಯ ಕೋಟಿನ ಒಳಬಟ್ಟೆಗೂ ಕೈ ಹಾಕಿದ. ಗಡಿಯಾರ ನೋಡಿದರೆ ಐದೂ ಇಪ್ಪತ್ತು. ಪೇಪರಿನ ಮೇಲೆ ಹಳೆಯದು ಹೊಸದು ಬೆರೆತು ಮೂವತ್ತೊಂದು ತುಂಡುಗಳು. ಯಾವುದು ಯಾವುದಕ್ಕೆ ಸೇರಿದ್ದೆಂದು ಅವನ್ನು ಹೆತ್ತವರೂ ಹೇಳುವಂತಿರಲಿಲ್ಲ.

ಆಗ ಅವನೊಳಗಿನ ದರ್ಜಿ ಎಚ್ಚೆತ್ತ. ನೀರು ಬರುವ ಪೈಪು ಇಲ್ಲಿದೆ, ನೀರು ಬೀಳುವ ನಲ್ಲಿ ಅಲ್ಲಿದೆ. ನಡುವೆ ಹರಿದಿದೆ. ಹರಿದದ್ದನ್ನು ಕೂಡಿಸುವುದು ತನ್ನ ಕಸುಬೇ ಅಲ್ಲವೆ? ಇಡೀ ಚೀಲದಲ್ಲಿ ಹೊಂದಿದ ಒಂದೇ ಒಂದು ಕನೆಕ್ಟರ್ ಹುಡುಕಿ ಎರಡು ತುದಿಗಳನ್ನೂ ಅದಕ್ಕೆ ಸಿಕ್ಕಿಸಿದ. ಮಿಕ್ಕಿದ್ದನ್ನೆಲ್ಲ ಚಿಂದಿಬಟ್ಟೆಯ ಪೆಟ್ಟಿಗೆಯಲ್ಲಿ ಹೂತು, ಮುಚ್ಚಳ ಹಾಕಿ, ವಾಲ್ವ್ ತೆರೆದ. ಒಂದು ಹನಿ ಸೋರಲಿಲ್ಲ. ಕರೆಂಟು ಕೊಡಲಿಲ್ಲವಾದ್ದರಿಂದ ಕೆಂಪು ದೀಪವೂ ಇರಲಿಲ್ಲ. ಅಕ್ಕನ ಎದುರು ಇವತ್ತೊಂದು ದಿನ ಹೇಗೋ ಕಳೆದರೆ ನಾಳೆ ಮೆಕ್ಯಾನಿಕ್ಕನ್ನು ಕರೆಸುವುದು ಎಂದುಕೊಂಡ.

ಹೆಂಡತಿ ಬಂದವಳೇ ದೀಪ ಆರಿದ್ದನ್ನು ಕಂಡು, "ಪರವಾಗಿಲ್ವೇ!" ಎಂದಳು. ಮದುವೆಯಾದ ಮೇಲೆ ಅವನು ಕೇಳಿದ ಎರಡನೇ ಹೊಗಳಿಕೆ ಅದು. ನಿಜವನ್ನೂ ನಾಳೆಗೆ ಮುಂದೂಡಿದ.

ಆರೂ ಕಾಲಿಗೆ ಅಕ್ಕ ಬಂದಳು. ಅವಳ ಹಿಂದೆಯೇ, ಹೊಸ್ತಿಲ ಆಣೆ ಮರೆತು ಪಂಪ್ ಅಂಕಲ್, ಅಂಕಲ್ ಮೇಲೆ ಕಣ್ಣಿಡಲು ನರ್ಸಮ್ಮ. ಅಕ್ಕ ಕೂತಳು. ಲೋಟ ಬಂತು. ಅವಳು ಮೊದಲು ಮೂಸಿದಳು. ಆಮೇಲೆ ಬೆಳಕಿಗೆ ಹಿಡಿದಳು. ಒಂದು ಗುಟುಕು ಕುಡಿದು ಬಾಯೊಳಗೆ ಆಡಿಸಿ, ಕಣ್ಣು ಮುಚ್ಚಿದಳು. ಟೈಲರ್ ಹೆಂಡತಿ ಸೆರಗನ್ನು ಹಗ್ಗದಂತೆ ಹೊಸೆದಳು.

"ಪುಟ್ಟಾ."

"ಅಕ್ಕಾ..."

"ಇಷ್ಟು ವರ್ಷದಲ್ಲಿ ಇಂಥ ನೀರು ನಾನು ಕುಡಿದಿಲ್ಲ ಕಣೋ. ಇನ್ನೊಂದು ಲೋಟ ಕೊಡಮ್ಮ."

ಹೆಂಡತಿ ಅಡುಗೆಮನೆಗೆ ಹಾರಿದಳೋ ನಡೆದಳೋ ತಿಳಿಯಲಿಲ್ಲ. "ನಾನೇ ನಿಂತು ಹಾಕಿಸಿದ್ದು!" ಎಂದು ಅಂಕಲ್ ಎದೆ ಸೆಟೆಸಿ, ಸುದ್ದಿ ಹಂಚಲು ಕೆಳಗೆ ಓಡಿದರು. ಟೈಲರ್ ಹೆಂಡತಿಯ ಹಿಂದೆ ಹೋಗಿ, ಮಷೀನಿನ ಮುಚ್ಚಳ ಎತ್ತಿ ತೋರಿಸಿದ. ಅವಳು ಒಳಗಿನ ಬಯಲನ್ನು ನೋಡಿದಳು. ಅವನ ಮುಖ ನೋಡಿದಳು.

"ಮುಚ್ರೀ," ಎಂದಳು ಮೆಲ್ಲಗೆ. "ಅತ್ತಿಗೆ ಎರಡನೇ ಲೋಟ ಕೇಳಿದ್ದಾರೆ. ಮುಚ್ಚಿ ಅದನ್ನ."

ಎರಡನೇ ಲೋಟ ಖಾಲಿ ಮಾಡಿ ಅಕ್ಕ ಕಾಲು ಚಾಚಿದಳು. "ನಾಲ್ಕು ದಿನಕ್ಕೆ ಅಂತ ಬಂದೆ. ಈ ನೀರು ಬಿಟ್ಟು ಹೋಗೋಕಾಗುತ್ತಾ? ಒಂದು ಮೂರು ತಿಂಗಳು ಇದ್ದುಬಿಡ್ತೀನಿ. ನಾಳೆಯಿಂದ ಅಡುಗೆಮನೆ ನಂಗೆ ಬಿಡಮ್ಮ, ಆ ಡಬ್ಬಗಳ ಸಾಲು ನೋಡಿದ್ರೇ ಗೊತ್ತಾಗುತ್ತೆ, ನಿಂಗೆ ಕೈ ಸಾಲ್ತಿಲ್ಲ."

ಹೆಂಡತಿಯ ಮೊಣಕೈ ಟೈಲರನ ಪಕ್ಕೆಗೆ ತಿವಿಯಿತು. "ಹೇಳ್ರೀ," ಎಂದಳು ಹಲ್ಲಿನ ಸಂದಿಯಿಂದ. "ಈಗಲೇ ನಿಜ ಹೇಳಿ!"

ಟೈಲರ್ ಎದ್ದು ನಿಂತ. "ಅಕ್ಕಾ, ಅದು ಬರೀ ನಲ್ಲಿ ನೀರು. ಮಷೀನಲ್ಲಿ ಏನೂ ಇಲ್ಲ. ಎಲ್ಲಾ ಕಿತ್ತುಹಾಕಿದ್ದೀನಿ."

ಆ ಹೊತ್ತಿಗೆ ಅಂಕಲ್ ಅರ್ಧ ಕಟ್ಟಡವನ್ನೇ ಕರೆತಂದಿದ್ದರು. ಅಕ್ಕನ ಮುಖ ಕೆಂಡವಾಯಿತು.

"ಮೂವತ್ತು ವರ್ಷ ಇನ್ನೂರು ಹೊಟ್ಟೆಗೆ ನೀರು ಕೊಟ್ಟಿದ್ದೀನಿ. ನಲ್ಲಿ ನೀರು ಯಾವುದು ಅಂತ ನಂಗೆ ಗೊತ್ತಾಗಲ್ವೇನೋ?"

"ಬೇಕಾದ್ರೆ ನೋಡಿ ಬನ್ನಿ!" ಟೈಲರ್ ಎಲ್ಲರನ್ನೂ ಅಡುಗೆಮನೆಗೆ ಕರೆದು ಮುಚ್ಚಳ ಕಿತ್ತ. ಖಾಲಿ ಡಬ್ಬ, ಒಂದು ಪೈಪು, ಹೆಬ್ಬೆರಳಷ್ಟು ಕನೆಕ್ಟರ್. ಪಂಪ್ ಅಂಕಲ್ ಇಣುಕಿ ತಲೆದೂಗಿದರು. "ಈಗಿನ ಟೆಕ್ನಾಲಜಿ ಹಾಗೇ. ಎಲ್ಲಾ ಚಿಕ್ಕದಾಗ್ತಿದೆ. ಫೋನ್ ಆಗಲಿಲ್ವೇ? ಆ ಜಾಯಿಂಟಿನಲ್ಲೇ ಎಲ್ಲಾ ಇದೆ."

"ಎರಡು ಲೋಟ ತಗೊಂಬಾ," ಎಂದಳು ಅಕ್ಕ. "ಒಂದು ಸಿಂಕಿನ ನಲ್ಲಿದು, ಒಂದು ಮಷೀನಿಂದು. ಎಲ್ಲರ ಮುಂದೇನೇ ಹೇಳ್ತೀನಿ."

ಎರಡಕ್ಕೂ ಬರುತ್ತಿದ್ದದ್ದು ಒಂದೇ ಪೈಪಿನ ನೀರು. ಟೈಲರ್ ಮೊದಲ ಬಾರಿಗೆ ನಿರಾಳವಾಗಿ ಉಸಿರಾಡಿದ. ಅಕ್ಕ ಸಿಂಕಿನದನ್ನು ಬಾಯಿಗಿಟ್ಟು, ತಕ್ಷಣ ಉಗುಳಿದಳು. "ಥೂ! ತುಕ್ಕು, ಪಾಚಿ. ಸತ್ತ ನೀರು." ಮಷೀನಿನದನ್ನು ಕುಡಿದಳು. ಅವಳ ಮುಖ ಅರಳಿತು. "ಇದು ನೀರು!"

ಲೋಟಗಳು ಕೈಯಿಂದ ಕೈಗೆ ಹೋದವು. ಅಂಕಲ್‌ಗೆ ಸಿಂಕಿನದು ಒಗರಾಯಿತು. ಮೂರನೇ ಮಹಡಿಯವರಿಗೆ ಗಂಟಲು ಹಿಡಿಯಿತು. ಮೆಂಬ್ರೇನ್ ಇಲ್ಲದೆ ಮಾತಿಲ್ಲ ಎಂದಿದ್ದ ನರ್ಸಮ್ಮ ಕೂಡ, "ನಿಜ, ಇದು ಹಗುರವಾಗಿದೆ" ಎಂದಳು. ಕೊನೆಗೆ ಅಕ್ಕ ಎರಡನ್ನೂ ತಮ್ಮನ ಕೈಗಿತ್ತಳು. "ಕುಡಿದು ನೋಡೋ, ನಾಚಿಕೆಗೆಟ್ಟವನೇ."

ಟೈಲರ್ ಕುಡಿದ. ಇನ್ನೊಮ್ಮೆ ಕುಡಿದ. ಮಷೀನಿನದೇ ಕೊಂಚ ಸಿಹಿಯಾಗಿತ್ತು.

ಆಮೇಲೆ ಅವನ ಮಾತನ್ನು ಯಾರೂ ಕೇಳಲಿಲ್ಲ. "ಕಂಪನಿ ಹೆಸರು ಬಿಟ್ಟುಕೊಡೋಕೆ ಇಷ್ಟ ಇಲ್ಲ, ಪಾಪ" ಎಂದರು ಕೆಲವರು. ಅರ್ಧ ಗಂಟೆಯೊಳಗೆ ಅವರವರ ಮನೆಯ ಗೋಡೆಯಿಂದ ಇಳಿದ ಹನ್ನೊಂದು ಮಷೀನುಗಳು ಅವನ ಹೊಲಿಗೆ ಮೇಜಿನ ಮೇಲೆ, ಮೇಜಿನ ಕೆಳಗೆ, ಮೆಟ್ಟಿಲ ಮೇಲೆ ಸಾಲಾಗಿ ಬಂದು ಕೂತವು. ಅಡುಗೆಮನೆಯಿಂದ ಅಕ್ಕ ಡಬ್ಬಗಳನ್ನು ಹೊಸದಾಗಿ ಜೋಡಿಸುವ ಸದ್ದು ಕೇಳಿಬರುತ್ತಿತ್ತು. ಹೆಂಡತಿ ಹಜಾರದ ಮೂಲೆಯಲ್ಲಿ ಕೂತು ಬಸ್ಸಿನ ವೇಳಾಪಟ್ಟಿ ಹುಡುಕುತ್ತಿದ್ದಳು.

ಪಂಪ್ ಅಂಕಲ್ ತಮ್ಮ ಮಷೀನನ್ನು ಎಲ್ಲಕ್ಕಿಂತ ಮುಂದೆ ತಳ್ಳಿ, ಟೈಲರನ ಕಿವಿಯ ಹತ್ತಿರ ಬಗ್ಗಿದರು.

"ನೋಡಿ ಟೈಲರೇ, ಬೇರೆಯವರದ್ದು ಹೇಗಾದ್ರೂ ಮಾಡಿ. ನಮ್ಮದಕ್ಕೆ ಮಾತ್ರ, ನಿಮ್ಮ ಮನೇದಕ್ಕೆ ಏನೇನು ಹಾಕಿದ್ದೀರೋ ಅಷ್ಟನ್ನೂ ಹಾಕಬೇಕು. ಒಂದು ಚೂರೂ ಕಮ್ಮಿ ಮಾಡಬಾರದು!"