ಟವೆಲ್ಲಿನ ಕೆಳಗೆ ನನ್ನ ಸ್ಕೋರು

ಹೆಸರು ಕೆಟ್ಟವನು ಕೆಲಸ ಹುಡುಕಿಕೊಂಡು ಹೊರಟರೆ ಊರೂರಲ್ಲೂ ಒಂದೊಂದು ತಮಾಷೆ ಕಾದು ಕೂತಿರುತ್ತದೆ. ನೋಡುವವರಿಗೆ ತಮಾಷೆ ಅಷ್ಟೆ. ನನಗೆ ಬಸ್ ಚಾರ್ಜೂ ದಂಡ, ಇಸ್ತ್ರಿಯೂ ದಂಡ.

ಅರಸೀಕೆರೆಯ ನಾರಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕ್ಯಾಷಿಯರ್ ಆಗಿದ್ದವನು ನಾನು. ಆಗ ನನ್ನ ಬಾಮೈದನಿಗೆ ಹಳೇ ಟೆಂಪೋ ಒಂದರ ಮೇಲೆ ಮನಸ್ಸಾಯಿತು. ಅವನಿಗೆ ಸಾಲ ಕೊಡುವವರಿರಲಿಲ್ಲ, ಸಂಬಳದವನಾದ ನನಗೆ ಕೊಡುವವರಿದ್ದರು. ಹೆಂಡತಿಯ ಮುಖ ನೋಡಿ ಸೈನ್ ಹಾಕಿದೆ. ಟೆಂಪೋ ಅವನ ಹೆಸರಲ್ಲಿ, ಸಾಲ ನನ್ನ ಹೆಸರಲ್ಲಿ. "ಕಂತು ನಾನೇ ಕಟ್ತೀನಿ ಭಾವ" ಅಂದವನು ಸ್ವಲ್ಪ ದಿನ ಕಟ್ಟಿ ಮರೆತ. ಆಮೇಲೆ ಕಾರ್ಖಾನೆ ಬಾಗಿಲು ಹಾಕಿತು, ನನ್ನ ಕೈಲೂ ಕಟ್ಟಲಾಗಲಿಲ್ಲ. ಕ್ರೆಡಿಟ್ ಸ್ಕೋರ್ ನೆಲ ಕಚ್ಚಿತು. ಕ್ಯಾಷಿಯರ್ ಕೆಲಸ ಕೇಳಿದರೆ ಈಗೆಲ್ಲ ಮೊದಲು ನೋಡುವುದು ಅದನ್ನೇ. ಮನೆ ನಡೆಯುತ್ತಿರುವುದು ಹೆಂಡತಿಯ ಹೊಲಿಗೆ ಮಿಷನ್ನಿನಿಂದ.

ಫೈನಾನ್ಸಿನವರ ಉದಾರತೆ

ಮೊದಲು ಹೋದದ್ದು ಊರಿನ ಒಂದು ಖಾಸಗಿ ಫೈನಾನ್ಸಿಗೆ. ಮ್ಯಾನೇಜರು ಕಂಪ್ಯೂಟರ್ ನೋಡಿ, ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿ, "ಈ ಸ್ಕೋರಿಗೆ ದುಡ್ಡು ಮುಟ್ಟೋ ಕೆಲಸ ಕೊಡಕ್ಕಾಗಲ್ಲ ಸರ್, ನಂಬಿಕೆ ಪ್ರಶ್ನೆ" ಅಂದರು. ಎದ್ದು ಬಂದೆ.

ಬಾಗಿಲ ಹತ್ತಿರ ಟೈ ಕಟ್ಟಿದ್ದ ಅದೇ ಆಫೀಸಿನ ಇನ್ನೊಬ್ಬ ತಡೆದ. "ಸರ್, ಪರ್ಸನಲ್ ಲೋನ್ ಏನಾದ್ರೂ ಬೇಕಿತ್ತಾ?"

"ನನ್ನ ಸ್ಕೋರ್ ಕೆಟ್ಟಿದೆಯಲ್ಲಪ್ಪ."

"ಪರವಾಗಿಲ್ಲ ಸರ್, ಬಡ್ಡಿ ಸ್ವಲ್ಪ ಜಾಸ್ತಿ ಆಗುತ್ತೆ. ನಿಮ್ಮ ಮೇಲೆ ನಮಗೆ ನಂಬಿಕೆ ಇದೆ!"

ನಿಜ ಹೇಳಿದ್ದು

ಮುಚ್ಚಿಟ್ಟರೆ ಕಷ್ಟ, ಅವರು ನೋಡುವ ಮೊದಲೇ ನೀವಾಗಿ ಹೇಳಿಬಿಡಿ ಅಂತ ಪಕ್ಕದ ಮನೆಯ ಮೇಷ್ಟ್ರು ಬುದ್ಧಿ ಹೇಳಿದರು. ಸರಿ ಅನ್ನಿಸಿತು. ಬೇಲೂರಿನಲ್ಲಿ ಹಳೇಬೀಡು ನೋಡಲು ಬರುವವರು ಇಳಿದುಕೊಳ್ಳುವ ಒಂದು ಹೋಟೆಲಿನಲ್ಲಿ ಕೌಂಟರ್ ಕೆಲಸವಿತ್ತು. ಹೋಟೆಲ್ ನಡೆಸುವ ಮೇಡಂ ಕಾಫಿ ಕೊಟ್ಟರು, ಅನುಭವ ಕೇಳಿದರು, "ಸೋಮವಾರ ಬನ್ನಿ" ಅಂತಲೂ ಅಂದರು. ಆಗ ನಾನು ಎದ್ದು ನಿಂತು ಬಾಮೈದ, ಟೆಂಪೋ, ಕಂತು, ಎಲ್ಲ ಬಿಡಿಸಿ ಹೇಳಿದೆ.

ಮೇಡಂ ಪೆನ್ನು ಕೆಳಗಿಟ್ಟರು. "ಅಯ್ಯೋ, ನಮ್ಮಲ್ಲಿ ಅದನ್ನೆಲ್ಲ ನೋಡೋದೇ ಇಲ್ಲ ಕಣ್ರೀ."

ನನಗೆ ಹೋದ ಜೀವ ಬಂತು.

"ಆದ್ರೆ ನೀವೇ ಹೇಳಿದ್ಮೇಲೆ ನೋಡ್ದೆ ಇರಕ್ಕಾಗುತ್ತಾ?" ಅಂದರು.

ಮೇಷ್ಟ್ರನ್ನು ಆವತ್ತಿನಿಂದ ನಾನು ಮಾತಾಡಿಸಿಲ್ಲ.

ಮಂಡಿಯಲ್ಲಿ

ಕೊನೆಗೆ ಅರಸೀಕೆರೆಯ ಕೊಬ್ಬರಿ ಮಂಡಿಯೊಂದಕ್ಕೆ ಹೋದೆ. ಸಾಹುಕಾರರಿಗೆ ನಾನು ಹಳೇ ಪರಿಚಯ. ಆದರೆ ಮಂಡಿ ಈಗ ಮಗನ ಕೈಯಲ್ಲಿ. ಅವನು ಒಳಗಿನಿಂದಲೇ, "ಸ್ಕೋರ್ ಎಷ್ಟು ಕೇಳಪ್ಪ" ಅಂತ ಕೂಗಿದ. ಎದುರಿಗೆ ಹಾರನಹಳ್ಳಿ, ಕಣಕಟ್ಟೆ ಕಡೆಯ ರೈತರು ಮೂಟೆಗಳ ಮೇಲೆ ಕೂತಿದ್ದರು. ಸಾಹುಕಾರರು ದೊಡ್ಡ ಮನುಷ್ಯರು, ನನ್ನ ಮರ್ಯಾದೆ ಹೋಗಬಾರದು ಅಂತ ಹೆಗಲ ಮೇಲಿದ್ದ ಟವೆಲ್ ತೆಗೆದು ನಮ್ಮಿಬ್ಬರ ಕೈ ಮುಚ್ಚಿದರು. ಹಿಂದೆ ಗುಟ್ಟಾಗಿ ರೇಟು ಮಾತಾಡುತ್ತಿದ್ದುದು ಹಾಗೇ, ಟವೆಲ್ಲಿನ ಕೆಳಗೆ ಬೆರಳು ಹಿಡಿದು. ನಾನು ನನ್ನ ಸ್ಕೋರನ್ನು ಅವರ ಬೆರಳಿಗೆ ಒತ್ತಿದೆ. ಅವರ ಕೈ ತಣ್ಣಗಾಯಿತು.

ರೈತನೊಬ್ಬ ಕತ್ತು ಚಾಚಿ, "ಏನ್ ಸಾವ್ಕಾರ್ರೇ, ಯಾಪಾರ ಮುಗೀತಾ?" ಅಂದ.

"ಎಲ್ಲಿ ಮುಗೀತದೆ ಬಿಡಪ್ಪ," ಅಂದರು ಸಾಹುಕಾರರು, "ಮಾಲು ಒಳ್ಳೇದೇ. ಒಳಗೆ ಕೌಟು ವಾಸ್ನೆ ಐತೆ."

ಎಲ್ಲರೂ ನನ್ನ ಕೈಚೀಲ ಮೂಸುವವರ ಹಾಗೆ ನೋಡಿದರು.

ಜಾಮೀನುದಾರ

ಹೊರಡುವಾಗ ಸಾಹುಕಾರರು ಪಿಸುಗುಟ್ಟಿದರು: "ಸಾಲಸೋಲ ಇಲ್ದಿರೋ ಒಬ್ಬರು ಬಂದು ನಿನ್ನ ಪರವಾಗಿ ನಿಂತ್ರೆ ಮಗನ್ನ ಒಪ್ಪಿಸ್ತೀನಿ. ಸೋಮವಾರದಿಂದ ಗಲ್ಲಾ ಮೇಲೆ ಕೂತ್ಕೋ."

ನಮ್ಮ ಬಳಗದಲ್ಲಿ ಸಾಲವಿಲ್ಲದವನು ಯಾರು ಅಂತ ಗಂಡ ಹೆಂಡತಿ ಕೂತು ಯೋಚಿಸಿದೆವು. ಒಬ್ಬನೇ ಸಿಕ್ಕಿದ. ಬಾಮೈದ. ಅವನ ಸಾಲವೆಲ್ಲ ನನ್ನ ಹತ್ತಿರವಿತ್ತಲ್ಲ! ಹೊಟ್ಟೆ ಉರಿಯಿತು, ಆದರೂ ನುಂಗಿಕೊಂಡೆ. ಹೆಂಡತಿ ಫೋನ್ ಮಾಡಿದಳು. "ಭಾವ ಬರೋದು ಬೇಡ ಅಕ್ಕ, ನಾನೇ ಹೋಗಿ ಮಾತಾಡ್ತೀನಿ" ಅಂದ. ಎಷ್ಟಾದರೂ ಒಡಹುಟ್ಟಿದವನು ಅಂತ ಅವಳು ಕಣ್ಣೊರೆಸಿಕೊಂಡಳು.

ಸಂಜೆ ಮನೆ ಮುಂದೆ ಟೆಂಪೋ ನಿಂತಿತು. ಅವನ ಕೈಯಲ್ಲಿ ಸ್ವೀಟ್ ಡಬ್ಬ. "ಸಿಕ್ತು ಕಣಕ್ಕ ಕೆಲಸ!" ಅಂದ. ಅವಳು ದೇವರಿಗೆ ಕೈಮುಗಿದು ಮೈಸೂರುಪಾಕಿನ ದೊಡ್ಡ ತುಂಡನ್ನು ನನ್ನ ಬಾಯಿಗಿಟ್ಟಳು.

"ಸೋಮವಾರ ಎಷ್ಟು ಹೊತ್ತಿಗೆ ಹೋಗ್ಬೇಕಂತೆ?" ಅಂದೆ, ಬಾಯಿ ತುಂಬ ಸಿಹಿ.

"ಒಂಬತ್ತಕ್ಕೇ ಬಾ ಅಂದವ್ರೆ. ನಂಗೆ." ಅವನು ನೆಲ ನೋಡಿದ. "ನಿನ್ನ ಪರವಾಗಿ ಮಾತಾಡಕ್ಕೇ ಹೋಗಿದ್ದೆ ಭಾವ. ಸಾವ್ಕಾರ್ರ ಮಗ ನನ್ನ ಹೆಸರು ಹಾಕಿ ನೋಡ್ದ. ಒಂದ್ ರೂಪಾಯಿ ಸಾಲ ಇಲ್ಲ, ಸ್ವಂತ ಟೆಂಪೋ ಬೇರೆ ಐತೆ, ಇಂಥೋರೇ ನಮಗೆ ಬೇಕು ಅಂದ್ಬುಟ್ಟ."

ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹೆಂಡತಿ ಡಬ್ಬದ ಮುಚ್ಚಳ ಹಾಕಿದಳು.

ಅವನು ಟೆಂಪೋ ಹತ್ತಿ, ಸ್ಟಾರ್ಟ್ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಪಾಪ, ಅವನಿಗೆ ನಿಜವಾಗಿಯೂ ನನ್ನ ಮೇಲೆ ಮರುಕವಿತ್ತು.

"ಬೇಜಾರ್ ಮಾಡ್ಕೋಬೇಡ ಭಾವ. ಮುಂದಿನ ಸಲ ನಿನ್ನ ಹೆಸರೇ ಹೇಳ್ತೀನಿ. ಆದ್ರೆ ಮೊದ್ಲು ಆ ಟೆಂಪೋ ಸಾಲ ಒಂದು ತೀರಿಸ್ಕೊಂಬುಡು."