ಎಮ್ಮೆ ಗಿಟಾರು, ಉಂಗುರದ ಗಿಟಾರು

ಕೈಗೆ ಎಣ್ಣೆ ಹತ್ತಿದಾಗ ಫೋನು ಎತ್ತಬಾರದು. ಎತ್ತಿದರೂ ಸ್ಪೀಕರಿಗೆ ಹಾಕಬಾರದು. ಗುತ್ತಲಿನ ಕೆಂಪರಾಜುವಿಗೆ ಈ ಬುದ್ಧಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಬಂದೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ವಾರಕ್ಕೊಂದು ಎಣ್ಣೆಸ್ನಾನ ಅವನ ನೇಮ. ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಜಗಲಿಯ ಮೇಲೆ ಕೂತಿದ್ದಾಗ ಫೋನು ಹೊಡೆದುಕೊಂಡಿತು. ಕಿರುಬೆರಳಿನಲ್ಲಿ ಒತ್ತಿದ.

“ಸಾರ್, ನಾನು ಮದ್ದೂರಿಂದ ರಂಜಿತ. ‘ತಂತಿ ಮಾತು’ ಅಂತ ಒಂದು ಚಾನೆಲ್ ಮಾಡ್ತೀನಿ, ನಾನೂ ಗಿಟಾರ್ ನುಡಿಸ್ತೀನಿ. ನಮ್ಮ ಕಡೆ ಗಿಟಾರಿಸ್ಟುಗಳು ತಮ್ಮ ಮೆಚ್ಚಿನ ಎಲೆಕ್ಟ್ರಿಕ್ ಗಿಟಾರು ಯಾವ್ದು, ಯಾಕಿಷ್ಟ ಅಂತ ಅದ್ರಲ್ಲಿ ಹೇಳ್ತಾರೆ. ಇವತ್ತು ಮೂರು ಗಂಟೆಗೆ ನಿಮ್ಮನೆಗೆ ಬರ್ಲಾ?”

“ಬನ್ನಿ ಮೇಡಂ, ಬನ್ನಿ! ನಂತಾವ ಎಲ್ಡವೆ.”

“ಒಂದೇ ಹೇಳ್ಬೇಕು ಸಾರ್. ಎರಡೂ ಇಷ್ಟ ಅನ್ನಂಗಿಲ್ಲ, ಅದೇ ನಮ್ಮ ರೂಲ್ಸು.”

ಅಡುಗೆಮನೆಯಲ್ಲಿ ಅವ್ವ ಮಂಚಮ್ಮ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಹೆಂಡತಿ ಸುನಿತಾಳ ಮಿಕ್ಸಿಯೂ ನಿಂತಿತು. ಕೆಂಪರಾಜುವಿನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ಅವನು ಭಾರತೀನಗರದ ಕಾಲೇಜೊಂದರಲ್ಲಿ ಗುಮಾಸ್ತ. ಮದುವೆ, ಗಣಪತಿ, ರಾಜ್ಯೋತ್ಸವ ಬಂದರೆ ಆರ್ಕೆಸ್ಟ್ರಾದ ಗಿಟಾರಿಸ್ಟು. ಕೆಂಪು ಗಿಟಾರು ಅವ್ವ ಕೊಡಿಸಿದ್ದು. ಹದಿನೈದು ವರ್ಷದ ಹಿಂದೆ ಮಗನ ಹಟಕ್ಕೆ ಸೋತು, ಹಾಲು ಕರೆಯುವ ಎಮ್ಮೆಯನ್ನು ಮಾರಿದ್ದಳು. ಇವತ್ತಿಗೂ ಅವಳು ಅದನ್ನು ಗಿಟಾರು ಎನ್ನುವುದಿಲ್ಲ, “ನನ್ನೆಮ್ಮೆ” ಎನ್ನುತ್ತಾಳೆ. ಕಪ್ಪು ಗಿಟಾರು ಮಾವ ಕೊಡಿಸಿದ್ದು. ಆರು ವರ್ಷದ ಹಿಂದೆ ಮಳವಳ್ಳಿಯ ಚಿಕ್ಕಬೋರಯ್ಯನವರು ವರೋಪಚಾರಕ್ಕೆ ಉಂಗುರ ಹಾಕಲು ಬಂದಾಗ ಅಳಿಯ ಗಿಟಾರು ಕೇಳಿದ್ದ. ಹಾಗಾಗಿ ಸುನಿತಾಳ ಬಾಯಲ್ಲಿ ಅದು “ನಮ್ಮಪ್ಪನ ಉಂಗುರ”.

ಎರಡರ ಗುಣವೂ ಅವನಿಗೆ ಗೊತ್ತು. ಕೆಂಪಿನ ಕತ್ತು ಬಾಗಿದೆ, ವೈರು ಚುಚ್ಚಿದೊಡನೆ ಮುಟ್ಟುವ ಮೊದಲೇ ಗುಂಯ್ ಎನ್ನುತ್ತದೆ. ಆದರೆ ಆ ಗುಂಯ್ ಮೊದಲ ಸಲ ಎದೆಗೆ ತಾಕಿದ ದಿನ ಅವನು ಅತ್ತಿದ್ದ. ಕಪ್ಪಿನ ದನಿ ತೊಳೆದಿಟ್ಟ ಹಾಗೆ ಚೊಕ್ಕ, ತೂಕ ಮಾತ್ರ ಒರಳುಕಲ್ಲಿನದು. ಅದನ್ನು ಹೊತ್ತೂ ಹೊತ್ತೂ ಅವನ ಎಡಹೆಗಲು ಅರ್ಧ ಇಂಚು ಇಳಿದಿತ್ತು. ಒಂದು ಕಾರ್ಯಕ್ರಮಕ್ಕೆ ಕೆಂಪು, ಮುಂದಿನದಕ್ಕೆ ಕಪ್ಪು ಎಂದು ಸರದಿ ಹಾಕಿ ಆರು ವರ್ಷ ಅತ್ತೆ ಸೊಸೆಯ ನಡುವೆ ಸಂಸಾರ ತೂಗಿಸಿದ್ದ. ಇವತ್ತು ತಕ್ಕಡಿ ಇಳಿಸಿ ಯಾವುದು ಮೇಲು ಹೇಳು ಎಂದರೆ?

ತಿಂಡಿಗೆ ಎರಡು ತಟ್ಟೆ ಬಂದವು. ಅವ್ವನ ತಟ್ಟೆಯಲ್ಲಿ ರಾಗಿರೊಟ್ಟಿ, ಸುನಿತಾಳದರಲ್ಲಿ ದೋಸೆ.

“ಯಾವ್ದ್ ಏಳೀಯೆ ಮಗ?” ಅವ್ವ ಕೇಳಿದಳು. “ಯೋಚ್ನೆ ಮಾಡಿ ಏಳು. ಆ ಎಮ್ಮೆ ಓಗುವಾಗ ತಿರುಗಿ ತಿರುಗಿ ನೋಡ್ತಿತ್ತು ಕಣ್ಲಾ.”

“ಹೇಳ್ಲಿ ಬಿಡಿ ಅತ್ತೆ,” ಎಂದಳು ಸುನಿತಾ. “ಅಳಿಯನ ಬೆರಳಿಗೆ ಉಂಗುರ ಇಲ್ದೆ ಮದುವೆ ಮಾಡಿ, ನೆಂಟ್ರ ಕೈಲೆಲ್ಲ ಆಡಿಸ್ಕೊಂಡೋರು ನಮ್ಮಪ್ಪ ಅಲ್ವ?”

ಕೆಂಪರಾಜು ಒಂದು ತುತ್ತು ರೊಟ್ಟಿ, ಒಂದು ತುತ್ತು ದೋಸೆ ಎಂದು ಸರದಿಯಲ್ಲೇ ನುಂಗಿದ. ಕೊನೆಗೆ ಉಸಿರಾಡಲೂ ಜಾಗವಿರಲಿಲ್ಲ. ದೇವರ ಗೂಡಿನ ಮುಂದೆ ನಿಂತು, ತೆಂಗಿನಕಾಯಿಯೊಂದನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ. “ಮುತ್ತತ್ತಿ ಆಂಜನೇಯ, ಇವರಿಬ್ಬರೂ ಇವತ್ತು ಒಂದೇ ಮಾತು ಆಡುವ ಹಾಗೆ ಮಾಡಪ್ಪ. ಬಂದು ಕಾಯಿ ಒಡೆಸುತ್ತೇನೆ.”

ಆಂಜನೇಯನಿಗಿಂತ ಮೊದಲು ಪಕ್ಕದ ಮನೆ ಪುಟ್ಟಮಾದಮ್ಮನಿಗೆ ಸುದ್ದಿ ಮುಟ್ಟಿತು. ಕಾಂಪೌಂಡಿನ ಮೇಲೆ ಅವಳ ತಲೆ ಮೂಡಿತು.

“ಕೆಂಪ್ರಾಜು, ಬೀದೀಲಿ ಕೇಳ್ಕಂಡ್ ಬಂದೆ ಕಣಪ್ಪ. ಏಳ್ ಮನೆಯೋರು ಎಮ್ಮೆ ಅಂದ್ರು, ಏಳ್ ಮನೆಯೋರು ಉಂಗ್ರ ಅಂದ್ರು.”

“ನಿನ್ನ ಓಟು ಯಾವ್ದಕ್ಕ?”

“ನಂಗ್ಯಾಕಪ್ಪ ಊರ ಉಸಾಬರಿ?” ಎಂದು ಪುಟ್ಟಮಾದಮ್ಮ ಹದಿನೈದನೇ ಮನೆಗೆ ಹೊರಟಳು.

ಸ್ನಾನಕ್ಕೆಂದು ಅವನು ಎದ್ದಾಗ ಬಾಗಿಲಲ್ಲಿ ಮಾವ ನಿಂತಿದ್ದರು. ಮಗಳ ಫೋನು ಮುಟ್ಟಿದ್ದೇ ತಡ, ಬಿಳಿ ಅಂಗಿ ತೊಟ್ಟು, ಚೆಂಡುಹೂವಿನ ಹಾರ ಹಿಡಿದು ಮಳವಳ್ಳಿ ಬಸ್ಸು ಹತ್ತಿದ್ದರು. ಅಳಿಯ ಹಾರಕ್ಕೆ ಕತ್ತು ಬಗ್ಗಿಸಿದ.

“ನಿಮ್ಗಲ್ಲ ಅಳಿಮಯ್ಯ, ಗಿಟಾರಿಗೆ,” ಎಂದು ಮಾವ ಕೋಣೆಗೆ ನಡೆದರು.

ಅವರಿಗೆ ಕಾಫಿ ತರಲು ಹೋದ ಕೆಂಪರಾಜುವಿಗೆ ಹಿತ್ತಿಲಲ್ಲಿ ಕಂಡ ನೋಟ ಕಾಲು ಕಟ್ಟಿಹಾಕಿತು. ಅವ್ವ ಕೆಂಪು ಗಿಟಾರನ್ನು ಬಿಸಿಲಿಗೆ ಮಲಗಿಸಿ, ಅವನದೇ ಹರಳೆಣ್ಣೆ ಬಾಟಲು ಬಗ್ಗಿಸಿ, ಸಂಕ್ರಾಂತಿಯಲ್ಲಿ ಎಮ್ಮೆ ಕೊಂಬಿಗೆ ಸವರುವ ಹಾಗೆ ಮೈಯೆಲ್ಲ ತಿಕ್ಕುತ್ತಿದ್ದಳು. ತಂತಿಗೂ ಎಣ್ಣೆ, ಗುಂಡಿಗಳ ಸಂದಿಗೂ ಎಣ್ಣೆ, ಹಣೆ ಸಿಕ್ಕಲ್ಲಿ ಕುಂಕುಮ.

“ಅವ್ವೋ! ಅದ್ರೊಳಗೆ ಕರೆಂಟಿನ ಸಾಮಾನು ಅದೆ!”

“ಇರ್ಲಿ ಬುಡ್ಲಾ, ಅದ್ಕೂ ತಂಪಾಯ್ತದೆ. ನೋಡು ಎಂಗ್ ಮಿಂಚ್ತಾಳೆ ನನ್ನವ್ವ!”

ಓಡಿಹೋಗಿ ವೈರು ಚುಚ್ಚಿದ. ಚರಚರ ಎಂದಿತು, ಒಮ್ಮೆ ಕೆಮ್ಮಿತು, ಆಮೇಲೆ ಉಸಿರೇ ಇಲ್ಲ. ಅದೇ ಹೊತ್ತಿಗೆ ಕೋಣೆಯಿಂದ ಟಿಂಗ್ ಎಂದಿತು. ಮತ್ತೊಂದು ಟಿಂಗ್. ಅವನು ಹೊಸ್ತಿಲು ದಾಟುವಷ್ಟರಲ್ಲಿ ಮೂರನೆಯದು, ನಾಲ್ಕನೆಯದು.

“ಎಲ್ಲ ಸಡ್ಲ ಆಗೋಗಿದ್ವು ಕಣಳಿಮಯ್ಯ,” ಎಂದರು ಮಾವ, ಬೆರಳು ನೆಕ್ಕಿಕೊಳ್ಳುತ್ತ. ಅರ್ಧ ಆಯುಸ್ಸು ಗಾಡಿಗೆ ಕಬ್ಬು ಬಿಗಿದ ಕೈ ಅದು. “ಒಸಿ ಬಿಗಿ ಮಾಡ್ದೆ. ಈ ತಂತಿ ಗಟ್ಟಿ ಇಲ್ಲ.”

ಒಂದು ಎಣ್ಣೆ ಕುಡಿದು ಮೂಕವಾಗಿತ್ತು, ಇನ್ನೊಂದಕ್ಕೆ ಆರರಲ್ಲಿ ಎರಡೇ ತಂತಿ. ಭಾನುವಾರ, ಅಂಗಡಿಯೂ ಇಲ್ಲ. ಕೆಂಪರಾಜು ತಲೆ ಹಿಡಿದುಕೊಂಡು ಕೂತ. ಹರಳೆಣ್ಣೆಗೆ ಕೈ ಜಾರಿತು. ಹಾಗೆ ಜಾರಿದಾಗಲೇ ಹೊಳೆಯಿತು: ಎರಡೂ ನುಡಿಯದಿದ್ದರೆ ಯಾವುದು ಮೇಲು ಎನ್ನುವ ಮಾತೇ ಇಲ್ಲವಲ್ಲ! ಬೆಳಿಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ರೊಟ್ಟಿ, ದೋಸೆ ಎರಡೂ ಸರಾಗವಾಗಿ ಕೆಳಗಿಳಿದವು. ಆ ಸಮಾಧಾನಕ್ಕೆ ಅವನಿಗೆ ನಗುವೇ ಬಂತು.

ಮೂರು ಗಂಟೆಗೆ ರಂಜಿತ ಸ್ಕೂಟರಿನಲ್ಲಿ ಬಂದಳು. ಬೆನ್ನ ಮೇಲೆ ಗಿಟಾರಿನ ಚೀಲ, ಕೈಯಲ್ಲಿ ಕ್ಯಾಮರಾ ನಿಲ್ಲಿಸುವ ಕೋಲು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಪೈಪೋಟಿಯಿಂದ ಬೋಂಡ ಕರಿಯುತ್ತಿದ್ದರು. ಮಾವ ಬೀದಿಯಲ್ಲಿ ಪುಟ್ಟಮಾದಮ್ಮನಿಗೆ ಉಂಗುರದ ಕತೆ ಹೇಳುತ್ತಿದ್ದರು. ಆ ಸಂದು ನೋಡಿ ಕೆಂಪರಾಜು ತನ್ನ ಕಷ್ಟವನ್ನೆಲ್ಲ ಒಪ್ಪಿಸಿದ.

“ಅಯ್ಯೋ ಪಾಪ,” ಎಂದು ನಗು ತಡೆದಳು ರಂಜಿತ. “ಆದ್ರೆ ಒಂದ್ ಚೂರಾದ್ರೂ ನುಡಿಸ್ಬೇಕಲ್ಲ ಸಾರ್. ತಗೊಳ್ಳಿ, ನಂದಿದೆ. ಮೈಕ್ ಟೆಸ್ಟಿಂಗ್ ಮಾಡ್ಬಿಡಣ.”

ಕ್ಯಾಮರಾ ಕೋಲಿಗೇರಿಸಿ, ಅವನ ಕಾಲರಿಗೆ ಮೈಕು ಸಿಕ್ಕಿಸಿ, ತನ್ನ ನೀಲಿ ಗಿಟಾರನ್ನು ಅವನ ಹೆಗಲಿಗೆ ಹಾಕಿದಳು. ಹಾಕಿದ್ದೇ ಅವನಿಗೆ ತಿಳಿಯಲಿಲ್ಲ, ಅಷ್ಟು ಹಗುರ. ಕತ್ತು ನೆಟ್ಟಗೆ, ಬೆರಳು ಇಟ್ಟಲ್ಲಿ ಸ್ವರ. ಒಂದು ತಂತಿ ಮೀಟಿ ಬಿಟ್ಟ. ಅದು ಕೆರೆಯ ನೀರಿಗೆ ಬಿದ್ದ ಕಲ್ಲಿನ ಅಲೆಯಂತೆ ಹರಡಿಕೊಂಡು ಹೋಯಿತು. ಕೆಂಪರಾಜು ಕಣ್ಣು ಮುಚ್ಚಿದ. ಅವ್ವ, ಮಾವ, ಬೀದಿಯ ಹದಿನಾಲ್ಕು ಮನೆ, ಯಾವುದೂ ನೆನಪಿಗೆ ಬರಲಿಲ್ಲ. ಏನೇನೋ ಗೊಣಗಿದ, ಗಿಟಾರಿನ ಕಿವಿಯಲ್ಲಿ ಹೇಳುವ ಹಾಗೆ. ಅವನ ಕಣ್ಣಂಚು ಒದ್ದೆಯಾಗಿತ್ತು.

ಬೋಂಡದ ತಟ್ಟೆಗಳು ಬಂದಾಗ ನೀಲಿ ಗಿಟಾರು ಚೀಲ ಸೇರಿತ್ತು. ಎಲ್ಲರೆದುರು ಕೆಂಪರಾಜು ಎಡಕ್ಕೆ ಕೆಂಪು, ಬಲಕ್ಕೆ ಹಾರ ಹಾಕಿದ ಕಪ್ಪು ಇಟ್ಟುಕೊಂಡು, ಎಣ್ಣೆ ತಲೆಗೆ ಟೋಪಿಯೇರಿಸಿ ಕ್ಯಾಮರಾದ ಮುಂದೆ ಕೂತ.

“ನಿಮ್ಮ ಮೆಚ್ಚಿನ ಗಿಟಾರು ಯಾವುದು ಸಾರ್?”

“ಇವೆರಡೂ ನನ್ನ ಎರಡು ಕಣ್ಣು ಮೇಡಂ. ಯಾವ ಕಣ್ಣು ಮೇಲು ಅಂತ ಯಾರಾದ್ರೂ ಹೇಳಕಾಯ್ತದ? ರೂಲ್ಸ್ ಮುರಿದ್ರೆ ಕ್ಷಮಿಸಿ.”

“ಮುತ್ತಿನಂಥಾ ಮಾತು,” ಎಂದರು ಮಾವ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸುನಿತಾ ಇನ್ನೆರಡು ಬೋಂಡ ಹಾಕಿದಳು. ರಂಜಿತ ಮಾತ್ರ ತಲೆ ಕೆರೆದುಕೊಂಡು, “ಆಯ್ತು ಸಾರ್, ನಾನು ಹೆಂಗೋ ನೋಡ್ಕೋತೀನಿ,” ಎಂದು ಹೊರಟಳು.

ಸಂಜೆ ಆರಕ್ಕೆ ಕೆಂಪರಾಜು ಕೊನೆಗೂ ಸ್ನಾನಕ್ಕಿಳಿದ. ಬಿಸಿನೀರು ಬಿದ್ದಂತೆ ಎಣ್ಣೆಯ ಜೊತೆಗೆ ಇಡೀ ದಿನದ ಭಾರವೂ ಇಳಿದು ಮೋರಿ ಸೇರಿತು. ಬದುಕಿದೆಯಾ ಬಡಜೀವವೇ ಅಂದುಕೊಂಡ. ಇಷ್ಟು ನಿರಾಳವಾಗಿ ಅವನು ಮದುವೆಯಾದ ಮೇಲೆ ಮಿಂದಿರಲಿಲ್ಲ.

ಹೊರಗೆ ಫೋನು ಎರಡು ಸಲ ಟಣ್ ಎಂದಿತು. ಆಮೇಲೆ ಕಾಂಪೌಂಡಿನ ಮೇಲಿಂದ ಪುಟ್ಟಮಾದಮ್ಮನ ದನಿ: “ಬಂತು ಕಣ್ರವ್ವ ವಿಡಿಯೋ!”

ಟವೆಲು ಸುತ್ತಿಕೊಂಡು ಬಂದಾಗ ನಡುಮನೆಯಲ್ಲಿ ಎಲ್ಲರೂ ಸುನಿತಾಳ ಫೋನಿನ ಮೇಲೆ ಬಗ್ಗಿದ್ದರು. ಎರಡು ಕಣ್ಣಿನ ಮಾತು ಅದರಲ್ಲಿರಲಿಲ್ಲ. ಇದ್ದದ್ದು ನೀಲಿ ಗಿಟಾರು, ಅದನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ ಕೆಂಪರಾಜು, ಮತ್ತು ಕಾಲರಿನ ಮೈಕು ಒಂದಕ್ಷರ ಬಿಡದೆ ಹಿಡಿದಿದ್ದ ಅವನ ಗೊಣಗು:

“ಅಯ್ಯೋ ನನ್ನ ಬಂಗಾರ, ಇಷ್ಟು ವರ್ಷ ಎಲ್ಲಿದ್ದೆ? ಒಂದು ಎಮ್ಮೆ ಥರಾನೇ ಅರಚ್ತದೆ, ಇನ್ನೊಂದು ಹೆಗಲು ಮುರೀತದೆ. ಹೆಂಗೋ ಹೊತ್ಕೊಂಡು ಬಂದೆ. ಗಿಟಾರು ಅಂದ್ರೆ ನೀನಪ್ಪಾ!”

ಕೆಂಪರಾಜು ತನ್ನ ಫೋನು ನೋಡಿದ. ರಂಜಿತಳ ಸಂದೇಶವಿತ್ತು: “ಸಾರ್, ಒಂದೇ ಗಿಟಾರು ಅನ್ನೋ ರೂಲ್ಸಿಗೆ ಇದೇ ಸರಿ ಹೋಯ್ತು. ಟೆಸ್ಟಿಂಗಲ್ಲಿ ಮನಸಿಂದ ಆಡಿದ ಮಾತು. ಜನ ತುಂಬ ಮೆಚ್ತಿದಾರೆ!”

ಮಂಚಮ್ಮ ಸೊಸೆಯ ಮುಖ ನೋಡಿದಳು. ಸುನಿತಾ ಅತ್ತೆಯ ಮುಖ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಇಬ್ಬರ ಬಾಯಿಂದಲೂ ಒಟ್ಟಿಗೆ ಒಂದೇ ಮಾತು ಬಂತು:

“ಆ ನೀಲೀದೇ ಬಂದು ಉಣ್ಣಕ್ಕಿಕ್ಲಿ!”

“ನಡೀರಿ ಅತ್ತೆ, ಪುಟ್ಟಮಾದಮ್ಮೋರ ಮನೇಲಿ ಉಣ್ಣಣ.”

“ಬಾ ನನ್ನವ್ವ. ಬೀಗ್ರೆ, ನೀವೂ ಏಳಿ. ಆ ಸಾರಿನ ಪಾತ್ರೆ ಎತ್ಕೊ, ಮುದ್ದೆ ನಾನ್ ಇಡ್ಕತೀನಿ.”

ಮಾವ ಹೋಗುವಾಗ ಕಪ್ಪು ಗಿಟಾರಿನ ಹಾರವನ್ನೂ ತೆಗೆದುಕೊಂಡು ಹೋದರು. ಪಕ್ಕದ ಮನೆಯಿಂದ ಅತ್ತೆ ಸೊಸೆ ಒಟ್ಟಿಗೆ ನಗುವುದು ಕೇಳುತ್ತಿತ್ತು. ಅದನ್ನು ಕೇಳಿ ಕೆಂಪರಾಜುವಿಗೆ ಒಂದು ಕ್ಷಣ ಹಿತವೇ ಆಯಿತು. ಆಮೇಲೆ ಹೊಟ್ಟೆ ಗುಂಯ್ ಎಂದಿತು.

ಅಡುಗೆಮನೆ ತಡಕಿದ. ಬೆಳಿಗ್ಗೆ ಎರಡೆರಡು ತಟ್ಟೆ ಬಂದ ಮನೆಯಲ್ಲಿ ಈಗ ಬೋಂಡದ ಚೂರೂ ಇರಲಿಲ್ಲ. ತಿನ್ನುವಂಥದ್ದು ಉಳಿದಿದ್ದದ್ದು ಒಂದೇ, ದೇವರ ಗೂಡಿನಲ್ಲಿ, ಹಳದಿ ಬಟ್ಟೆಯೊಳಗೆ. ಆಂಜನೇಯ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ.