ಮಾವನವರ ಇಂಗ್ಲಿಷ್ ರಾಕ್ಷಸರು

ನಮ್ಮ ಮಾವನವರನ್ನು ಕೇಳಿದರೆ ಆಲೂರಿನಲ್ಲಿ ಮನುಷ್ಯರು ಅಂತ ಇರುವವರು ತೀರಾ ಕಡಿಮೆ. ಮಿಕ್ಕವರೆಲ್ಲ ರಾಕ್ಷಸರು! ಹಾಗಂತ ಅವರು ಯಾರನ್ನೂ ಬಾಯಿಬಿಟ್ಟು "ರಾಕ್ಷಸ" ಅಂದವರಲ್ಲ. ಅನ್ನುವ ಹಾಗೂ ಇಲ್ಲ. ಮನೆಯಲ್ಲಿ ಅತ್ತೆಯವರ ಕಟ್ಟಪ್ಪಣೆ ಇದೆ.

"ಕೆಟ್ಟ ಮಾತು ಆಡಬ್ಯಾಡ್ರಿ. ಮ್ಯಾಲೆ ತಥಾಸ್ತು ದೇವತೆಗಳು ತಿರುಗಾಡ್ತಿರ್ತಾರ. ಅವರು ಅಸ್ತು ಅಂದುಬಿಟ್ರ ಮುಗೀತು!"

ಆದರೆ ಬೈಯದೆ ಬದುಕುವುದು ಮಾವನವರ ಕೈಲಾಗುತ್ತದೆಯೇ? ಮೂರು ಹೊತ್ತು ಊಟ ಬಿಟ್ಟಾರು, ಅದನ್ನು ಬಿಡಲಾರರು. ಹೇಳಿಕೇಳಿ ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದವರು. ಇಂಗ್ಲಿಷಿನಲ್ಲೇ ಬೈಯುವ ದಾರಿ ಹಿಡಿದರು. "ತಥಾಸ್ತು ದೇವತೆಗಳಿಗೆ ಇಂಗ್ಲಿಷ್ ಬರಂಗಿಲ್ಲ" ಅನ್ನುವುದು ಅವರ ವಾದ.

"ನಿಮಗ ಹ್ಯಾಂಗ ಗೊತ್ತು?" ಅತ್ತೆ ಕೇಳಿದ್ದರಂತೆ.

"ಬರ್ತಿದ್ದರ ನಮ್ಮ ಹೆಡ್‌ಮಾಸ್ತರ ಎಂದೋ ಮಾನ್‌ಸ್ಟರ್ ಆಗಿಬಿಡ್ತಿದ್ದ!"

ಒಂದೇ ಬೈಗುಳವನ್ನು ಎಲ್ಲರಿಗೂ ಹಂಚುವ ಸೋಮಾರಿತನ ಅವರದಲ್ಲ. ಒಬ್ಬೊಬ್ಬರಿಗೂ ಅಳತೆ ತೆಗೆದು ಹೊಲಿಯುತ್ತಾರೆ. "ಮಾನ್‌ಸ್ಟರ್ ಅನ್ನೋದು ಬಿಳಿ ಅನ್ನ ಇದ್ದಂಗ, ಎಲ್ಲದಕ್ಕೂ ನಡೀತದ. ಬುದ್ಧಿ ಇಲ್ಲದ ಹಾಯೋನು ಬ್ರೂಟ್. ಬುದ್ಧಿ ಇದ್ದೂ ಕೆಡಸೋನು ಫೀಂಡ್. ಡೆವಿಲ್ ನಕ್ಕೋತ ಬರ್ತಾನ. ಡೀಮನ್ ಒಳಗ ಹೊಕ್ಕು ಕುಂದರ್ತಾನ, ಏಳಂಗೇ ಇಲ್ಲ, ನಿನ್ನ ತಮ್ಮ ಇದ್ದಂಗ!" ಈ ಕೊನೆಯದು ಅತ್ತೆಯವರಿಗೆ.

ಅವರ ಹತ್ತಿರ ಕಲಿತ ಹುಡುಗರು ಇಂಗ್ಲಿಷ್ ವ್ಯಾಕರಣವನ್ನೆಲ್ಲ ಮರೆತಿದ್ದಾರೆ. ಇವಿಷ್ಟು ಪದ ಮಾತ್ರ ಗಟ್ಟಿಯಾಗಿ ನೆನಪಿಟ್ಟಿದ್ದಾರೆ. ಮೊನ್ನೆ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಆಟೋದವನು ಅಡ್ಡ ನಿಂತ ಎಮ್ಮೆಗೆ ನಮ್ಮ ಗಡಿಯೂರಿನ ತೆಲುಗಿನಲ್ಲಿ ಹೇಳುತ್ತಿದ್ದ: "ಏಯ್ ಬ್ರೂಟ್, ಪಕ್ಕಕು ಜರುಗು!" ಯಾರ ಶಿಷ್ಯ ಅಂತ ಕೇಳಬೇಕಾಗಲಿಲ್ಲ.

ನಾನು ಬಳ್ಳಾರಿ ಕಡೆಯವಳು, ಕನ್ನಡ ಮೀಡಿಯಂ. ಮದುವೆಯಾಗಿ ಬಂದ ಹೊಸತರಲ್ಲಿ ದೇವರನಾಮ ಗುನುಗುತ್ತಾ ಅಡಿಗೆಮನೆಯಲ್ಲಿ ಸ್ಟೀಲ್ ತಟ್ಟೆಗಳನ್ನು ಜೋಡಿಸುತ್ತಿದ್ದೆ. ಇಡೀ ಸಾಲು ಧಡಾರನೆ ಬಿತ್ತು. ಪಡಸಾಲೆಯಿಂದ ಮಾವನವರ ದನಿ ಬಂತು: "ಇಂಪ್!"

ಆಹಾ, ನನ್ನ ಹಾಡು ಇಂಪಾಗಿದೆ ಅಂದರಲ್ಲ! ತಟ್ಟೆ ಬಿದ್ದರೂ ಬೈಯದೆ ಹಾಡು ಮೆಚ್ಚುವ ಮಾವ ಯಾರಿಗೆ ಸಿಗುತ್ತಾರೆ, ಹೇಳಿ? ಮರುದಿನದಿಂದ ಓಣಿಗೆಲ್ಲ ಕೇಳುವಂತೆ ಹಾಡತೊಡಗಿದೆ. ಕೊನೆಗೆ ನನ್ನ ಗಂಡ ತಡೆಯಲಾರದೆ ಹೇಳಿದರು: "ಇಂಪ್ ಅಂದ್ರ ಮರಿಪಿಶಾಚಿ." ಹೋಗಲಿ, ಮರಿ ಅಂದರಲ್ಲ ಅಂತ ಸಮಾಧಾನ ಮಾಡಿಕೊಂಡೆ!

ಸಿ. ಬೆಳಗಲ್ಲು ಅನ್ನುವ ಊರಿನಿಂದ ಬಂದ ಬೀಗರೊಬ್ಬರ ಕಥೆ ಇನ್ನೂ ಚೆಂದ. ಹಬ್ಬದೂಟಕ್ಕೆ ಕೂತವರು ಹೋಳಿಗೆಯ ಪಾತ್ರೆಯ ತಳ ಕಾಣಿಸಿದರು. ಪಕ್ಕದಲ್ಲಿದ್ದ ಮಾವನವರು ಮೆಲ್ಲಗೆ "ಓಗರ್" ಅಂದರು. ಬೀಗರ ಮುಖ ಅರಳಿತು. "ಪುಳಿಯೋಗರೆನೂ ಅದ ಏನು? ಇದ್ದರ ಒಂದೀಟು ಹಾಕ್ರಿ ಮತ್ತ!" ಇಲ್ಲ ಅನ್ನುವುದಾದರೂ ಹೇಗೆ? ಅತ್ತೆಯವರು ಒಳಗೋಡಿ ಗಡಿಬಿಡಿಯಲ್ಲಿ ಒಗ್ಗರಣೆ ಹಾಕಿ ಕಲಸಿ ತಂದರು. ಬೀಗರು ತೇಗಿ ಹೋದ ಮೇಲೆ ಮಾವನವರು ತಲೆಮೇಲೆ ಕೈಹೊತ್ತು ಕೂತರು. "ಓಗರ್ ಅಂದ್ರ ಮನುಷ್ಯರ್ನ ತಿನ್ನೋ ರಾಕ್ಷ... ಅದ ನೋಡು! ಅಂಥವಗ ಹುಳಿಅನ್ನ ಬಡಿಸಿ ಕಳಿಸಿದ್ಯಲ್ಲ!"

ಇಂಥ ಮಾವನವರಿಗೆ ಗೆಳೆಯರು ಎಲ್ಲಿಂದ ಬರಬೇಕು? ಆದರೂ ಒಬ್ಬರು ಬಂದರು. ಬಂದದ್ದೂ ಬೈಗುಳದಿಂದಲೇ!

ನಮ್ಮ ಪಕ್ಕದ ಮನೆಯವರು ಕುರಿ ವ್ಯಾಪಾರದವರು. ಒಂದು ಬೆಳಿಗ್ಗೆ ಅವರ ಟಗರು ಗಿಡ್ಡ ಗೋಡೆ ಹಾರಿ ಬಂದು ಅತ್ತೆಯವರ ತುಳಸಿಯನ್ನು ಬೇರಿನವರೆಗೂ ಮೇಯ್ದುಬಿಟ್ಟಿತು. ಅತ್ತೆ ಬರಿದಾದ ಕಟ್ಟೆಯ ಮುಂದೆ ನಿಂತು ಅಳುತ್ತಿದ್ದರು. ಮಾವನವರು ಗೋಡೆಯ ಹತ್ತಿರ ಹೋಗಿ, ಆ ಮನೆಯ ಯಜಮಾನರು ಆಚೆ ಬಂದದ್ದೇ ತಡ, ಬೆರಳು ಝಳಪಿಸಿ ಗುಡುಗಿದರು: "ಯೂ ಫೀಂಡ್!"

ಪಕ್ಕದವರು ಎರಡೂ ಕೈ ಜೋಡಿಸಿದರು. "ಫ್ರೆಂಡ್ ಅಂತ ಅಂದ್ರೇನ್ರೀ ಸಾರೂ? ಇಷ್ಟ್ ದೊಡ್ಡ ತಪ್ಪಾದ್ರೂ ಫ್ರೆಂಡ್ ಅಂದ್ರಲ್ಲ! ದೊಡ್ಡ ಮನಸು ನಿಮ್ದು."

ಮಾವನವರು ತಿದ್ದುವಷ್ಟರಲ್ಲಿ ಅವರು ಟಗರನ್ನು ಎಳೆದುಕೊಂಡು ಹೋಗಿಯಾಗಿತ್ತು. ಮರುದಿನ ಬಾಗಿಲಲ್ಲಿ ತುಳಸಿ ಸಸಿ ಹಿಡಿದುಕೊಂಡು ಅವರು ಹಾಜರು. "ಫ್ರೆಂಡ್ ಬಂದಾನ್ರೀ!" ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಅವರ ಬೈಠಕ್. ಕುರಿಸಂತೆಯ ಸುದ್ದಿ, ಆದೋನಿಯ ಸುದ್ದಿ, ಮಳೆಯ ಸುದ್ದಿ. ಮಾವನವರಿಗೆ ಮಾತ್ರ ಆ ತಪ್ಪು ತಿದ್ದದೆ ಜೀವಕ್ಕೆ ಸಮಾಧಾನವಿಲ್ಲ. ಎರಡು ಪದಗಳ ನಡುವೆ ಇದ್ದದ್ದು ಒಂದೇ ಒಂದು "ರ". ಅದು ಮೀನಿನ ಮುಳ್ಳಿನ ಹಾಗೆ ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೀನು ಮುಟ್ಟದವರಿಗೆ ಮುಳ್ಳಿನ ಹೋಲಿಕೆ ಕೊಟ್ಟೆ, ಕ್ಷಮಿಸಬೇಕು!

ಹೋದ ವರ್ಷ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದರು. ನನ್ನ ಗಂಡ ಊರಲ್ಲಿರಲಿಲ್ಲ. ನಾನು ಕೂಗಿದ್ದು ಕೇಳಿ ಪಕ್ಕದವರು ಗೋಡೆ ಹಾರಿ ಬಂದರು. ಕುರಿ ಸಾಗಿಸುವ ತಮ್ಮ ಟ್ರಾಲಿ ಆಟೋದಲ್ಲಿ ಹಾಸಿಗೆ ಹಾಸಿ, ಮಾವನವರನ್ನು ಎತ್ತಿ ಮಲಗಿಸಿ, ಒಂದು ಗುಂಡಿಗೂ ಚಕ್ರ ಇಳಿಸದೆ ಆದೋನಿಗೆ ಕರೆದೊಯ್ದರು. ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿ ಕಳಿಸಿದರು.

ಕೈಗಿಂತ ಹೆಚ್ಚು ಮುರಿದದ್ದು ಮಾವನವರ ಸಿಟ್ಟು. ಬೈಯುವುದೇ ಬಿಟ್ಟರು! ತುತ್ತು ಮಾಡಿ ಕೊಡಲು ಹೋದರೆ ಅತ್ತೆಯ ಕೈಯಿಂದಲೂ ಬೇಡ, ಮಗನ ಕೈಯಿಂದಲೂ ಬೇಡ, ನನ್ನ ಕೈಯಿಂದಂತೂ ಬೇಡವೇ ಬೇಡ. ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಅಂಗಿ ನೋಡಿಕೊಂಡು ತಟ್ಟೆ ಸರಿಸಿಬಿಡುತ್ತಿದ್ದರು. ದಿನದಿನಕ್ಕೆ ಸೊರಗುತ್ತಿದ್ದರು.

ಒಂದು ಬೆಳಿಗ್ಗೆ ಮಂಡಕ್ಕಿ ನೆನೆಸಿ ಉಗ್ಗಾಣಿ ಮಾಡಿ ತಂದು ಮುಂದಿಟ್ಟೆ. ಪಕ್ಕದವರೂ ಬಂದು ಕೂತಿದ್ದರು. ಮಾವನವರು ತಟ್ಟೆಯ ಕಡೆ ನೋಡದೆ ಹೇಳಿದರು: "ನಿನಗೊಂದು ಮಾತು ಹೇಳಬೇಕು. ಅವತ್ತು ನಾ ಫ್ರೆಂಡ್ ಅಂದಿದ್ದಿಲ್ಲ. ಫೀಂಡ್ ಅಂದಿದ್ದೆ. ಅಂದ್ರ... ರಾಕ್ಷಸ."

ನಮ್ಮ ಮನೆಯಲ್ಲಿ ಆ ಪದ ಕನ್ನಡದಲ್ಲಿ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಅತ್ತೆ ಹೂಬತ್ತಿ ಹೊಸೆಯುವುದು ನಿಲ್ಲಿಸಿದರು.

"ಗೊತ್ತೈತಿ ಬಿಡ್ರಿ ಸಾರೂ," ಪಕ್ಕದವರು ನಕ್ಕರು. "ಅವತ್ತ ಸಂಜಿಕೆ ನನ್ನ ಮಗಳು ಹೇಳಿದ್ಲು. ಆಕಿನೂ ನಿಮ್ಮ ಕೈಯಾಗ ಕಲ್ತಾಕಿ ಅಲ್ಲೇನು?"

"ಗೊತ್ತಿದ್ದೂ ತುಳಸಿ ತಂದಿ?"

ಅವರ ನಗು ಸಣ್ಣದಾಯಿತು. "ನನ್ನ ಮನ್ಯಾಕಿ ತೀರಿಹೋಗಿ ಆಗಿನ್ನೂ ತಿಂಗಳಾಗಿದ್ದಿಲ್ರಿ. ಓಣ್ಯಾಗ ಯಾರ ಸಿಕ್ಕರೂ ಮೆತ್ತಗ ಮಾತಾಡೋರು. ಮನ್ಯಾಗ ಮಕ್ಳೂ ಮೆತ್ತಗ. ನಾನೂ ಆಕಿ ಜೊತಿ ಸತ್ತೀನೇನೋ ಅನಿಸಿಬಿಟ್ಟಿತ್ತು. ನೀವೊಬ್ರೇ ಬದುಕಿರೋ ಮನಷ್ಯಾನ್ನ ಬೈದಂಗ ಬೈದ್ರಿ. ಅವತ್ತ ಹೊಟ್ಟಿತುಂಬ ಉಂಡೇನ್ರಿ."

ಮಾವನವರು ತಲೆ ತಗ್ಗಿಸಿ ಎಡಗೈಯಲ್ಲಿ ಚಮಚ ಹಿಡಿದರು. ಎತ್ತಿದ ಉಗ್ಗಾಣಿ ಅರ್ಧ ಅಂಗಿಯ ಮೇಲೆ ಬಿತ್ತು.

ಪಕ್ಕದವರು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಬಂದರು. ಮಾವನವರ ಕೈಯಿಂದ ಚಮಚ ತೆಗೆದಿಟ್ಟು, ಉಗ್ಗಾಣಿಯಲ್ಲಿದ್ದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ಬದಿಗೆ ಸರಿಸಿ, ಒಂದು ತುತ್ತು ಎತ್ತಿದರು.

"ಬಾಯಿ ತೆಗೀರಿ ಸಾರೂ."

ಮಾವನವರು ಬಾಯಿ ತೆರೆದರು.